ಬೆಂಚಿನತ್ತ ನೋಡದ ತಂಡ

ಕತ್ತಿನ ಮೇಲೆ ಕತ್ತಿ ಹಿಡಿದು ನಿಂತವನ ಎದುರಿಗೇ ಅವನ ಅಳಿಯನನ್ನು ಬೈಯಬಾರದು ಎಂಬಷ್ಟು ಬುದ್ಧಿಯೂ ಆ ಊರಿನ ಗಂಡಸರಿಗೆ ಇರಲಿಲ್ಲ. ಬೆಳಗ್ಗೆ ಸೆಲೂನಿನ ಬಾಗಿಲು ತೆರೆದದ್ದೇ ತಡ, ಕುರ್ಚಿಗೆ ಒರಗಿ, ಬಿಳಿ ಬಟ್ಟೆ ಹೊದ್ದು, ಕೆನ್ನೆಗೆ ನೊರೆ ಹಚ್ಚಿಸಿಕೊಂಡವರೆಲ್ಲ ಅದೇ ರಾಗ ಎಳೆಯುತ್ತಿದ್ದರು. "ಏನು ಗೋಡೆ, ನಿನ್ನ ಅಳಿಯ ಮೊನ್ನೆ ಮ್ಯಾಚಲ್ಲೂ ಗೊಂಬೆ ಥರ ಕೂತಿದ್ನಲ್ಲ? ಮನೇಲಿ ಕೀ ಕೊಟ್ಟು ಕಳಿಸೋದು ಮರೆತುಬಿಟ್ರಾ?"

"ಅಲ್ಲಾಡಬೇಡ, ಕೊಯ್ದುಹೋಗುತ್ತೆ," ಎನ್ನುತ್ತಿದ್ದ ಗೋಡೆ. ಕೊಯ್ದುಹೋದರೆ ಹೋಗಲಿ ಎಂದು ಅವನ ಕೈಗೆ ಎಷ್ಟೋ ಸಲ ಅನ್ನಿಸಿತ್ತು, ಪಾಪ.

ಗೋಡೆ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಮೈದಾನ ಕೊಟ್ಟದ್ದು. ವಯಸ್ಸಿದ್ದಾಗ ಅವನು ಊರಿನ ಫುಟ್‌ಬಾಲ್ ಕ್ಲಬ್ಬಿನ ಡಿಫೆಂಡರ್. ಅವನನ್ನು ದಾಟಿ ಗೋಲಿನ ಹತ್ತಿರ ಹೋಗುವುದೆಂದರೆ ಹಲ್ಲು ಉದುರಿಸಿಕೊಂಡು ಬರುವುದೇ ಎಂದು ಎದುರಾಳಿಗಳು ಹೆದರುತ್ತಿದ್ದ ಕಾಲವೊಂದಿತ್ತು. ಈಗ ಎರಡೂ ಮೊಣಕಾಲು ಕೈಕೊಟ್ಟಿವೆ. ಸಂಜೆಯವರೆಗೆ ನಿಂತು ಕತ್ತರಿ ಆಡಿಸುವುದೇ ದೊಡ್ಡ ಆಟ. ಕ್ಲಬ್ಬಿನ ಸಮಿತಿಯಲ್ಲಿ ಹಳೆಯ ಆಟಗಾರರ ಪರವಾಗಿ ಒಬ್ಬನಿರಬೇಕೆಂಬ ನಿಯಮ ಇದ್ದುದರಿಂದ ಅಲ್ಲಿ ಅವನಿಗೊಂದು ಕುರ್ಚಿ ಇತ್ತು. ಆ ಕುರ್ಚಿಯಿಂದ ಅವನು ಇಷ್ಟು ವರ್ಷ ಬಾಯಿ ಬಿಟ್ಟದ್ದು ಆಕಳಿಸುವುದಕ್ಕೆ ಮಾತ್ರ.

ಕ್ಲಬ್ಬಿನ ಕಥೆಯೂ ಅವನ ಮೊಣಕಾಲಿನ ಕಥೆಯೇ. ಒಂದು ಕಾಲಕ್ಕೆ ದೊಡ್ಡ ಲೀಗಿನಲ್ಲಿ ಮೆರೆದದ್ದು. ಆಮೇಲೆ ದುಡ್ಡಿನ ಮದ, ಹೊರಗಿನಿಂದ ತಂದ ಬಿಳಿ ಆನೆಗಳಂಥ ಆಟಗಾರರು, ವರ್ಷಕ್ಕೊಬ್ಬ ಮ್ಯಾನೇಜರ್, ವರ್ಷಕ್ಕೊಂದು ಹೊಸ ಮಾತು. ಒಂದು ದರ್ಜೆ ಕೆಳಗೆ ಬಿತ್ತು, ಇನ್ನೊಂದು ದರ್ಜೆ ಕೆಳಗೆ ಬಿತ್ತು. ಕೊನೆಗೆ ಮನೆ ಕಟ್ಟಿಸುವ ಕಂತ್ರಾಟುದಾರರೊಬ್ಬರು ಅಧ್ಯಕ್ಷರಾಗಿ ಬಂದು, ಹಳೆಯದನ್ನೆಲ್ಲ ಕೆಡವಿ ಬುಡದಿಂದ ಕಟ್ಟೋಣ, ಐದು ವರ್ಷ ಯಾರೂ ಕೇಳಬಾರದು ಎಂದು ಘೋಷಿಸಿದರು. ಹಾಗೆ ಕಟ್ಟುವುದಕ್ಕೆಂದು ಕರೆತಂದವನೇ ಗೋಡೆಯ ಈ ಅಳಿಯ, ತಂಡಕ್ಕೆ ಆಟ ಕಲಿಸುವ ಮ್ಯಾನೇಜರ್. ಆಗ ಅವನಿನ್ನೂ ಯಾರ ಅಳಿಯನೂ ಅಲ್ಲ. ತಿಂಗಳಿಗೊಮ್ಮೆ ಕೂದಲು ಕತ್ತರಿಸಿಕೊಳ್ಳಲು ಬರುತ್ತಿದ್ದವನು ವಾರಕ್ಕೊಮ್ಮೆ ಬರತೊಡಗಿದ. ತಲೆಯಲ್ಲಿ ಕತ್ತರಿಸುವುದಕ್ಕೇನೂ ಉಳಿಯದಿದ್ದರೂ ಬಂದ. ಆಗ ಗೋಡೆಗೆ ಅರ್ಥವಾಯಿತು, ಇವನು ಬರುತ್ತಿರುವುದು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುವುದಕ್ಕಲ್ಲ, ಮಹಡಿ ಮೆಟ್ಟಿಲಿಳಿದು ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಡುವ ಮಗಳ ಮುಖ ನೋಡುವುದಕ್ಕೆ ಎಂದು. ವರ್ಷ ತುಂಬುವ ಮೊದಲೇ ಮದುವೆಯಾಯಿತು. ಸೆಲೂನಿನ ಮೇಲಿನ ಮನೆಯಲ್ಲೇ ಒಂದು ಕೋಣೆ ಅವರಿಗೆ. 'ಮನೆ ಅಳಿಯ, ಮೈದಾನದ ಗೊಂಬೆ' ಎಂದು ಊರವರ ಬಾಯಿಗೆ ಇನ್ನೊಂದು ತಿಂಡಿ ಸಿಕ್ಕಿತು.

ಗೊಂಬೆ ಎನ್ನುವುದಕ್ಕೆ ಕಾರಣವಿತ್ತು. ಬೇರೆ ತಂಡಗಳ ಮ್ಯಾನೇಜರುಗಳು ಗೆರೆಯ ಪಕ್ಕ ನಿಂತು ಕೈ ಬೀಸುತ್ತ, ಗಂಟಲು ಹರಿದುಕೊಳ್ಳುತ್ತ, ನೀರಿನ ಬಾಟಲಿ ಒದೆಯುತ್ತ ಇದ್ದರೆ, ಇವನು ಬೆಂಚಿನ ಮೇಲೆ ಕೈಕಟ್ಟಿ ಕೂತುಬಿಡುತ್ತಿದ್ದ. ಸಹಾಯಕನಿಗೂ ಕೂಗುವ ಹಾಗಿಲ್ಲ. ಆ ಸಹಾಯಕನಿಗೆ ಸಿಳ್ಳೆ ಎಂದು ಅಡ್ಡಹೆಸರು. ಮಾತಿಗೊಂದು ಸಿಳ್ಳೆ ಹಾಕಿಯೇ ಬದುಕಿದವನನ್ನು ಹೀಗೆ ಬಾಯಿ ಹೊಲಿದು ಕೂರಿಸಿದ್ದು ಅವನಿಗೆ ಎಷ್ಟು ಸಂಕಟವೋ! "ಬೆಂಚಿನ ಕಡೆ ನೋಡೋ ತಂಡ ಕುರುಡು ತಂಡ ಮಾವ," ಎನ್ನುತ್ತಿದ್ದ ಅಳಿಯ. "ಚೆಂಡು ಬಂದಾಗ ನನ್ನ ಮುಖ ನೋಡಿದ್ರೆ ಚೆಂಡು ನೋಡೋರು ಯಾರು?"

ಅದಕ್ಕಿಂತ ವಿಚಿತ್ರ ಅವನ ತಾಲೀಮು. ಕೊನೆಯ ಅರ್ಧ ಗಂಟೆ ಎರಡು ಗುಂಪು ಮಾಡಿ ಆಡಲು ಬಿಟ್ಟು, ತಾನು ಮೈದಾನಕ್ಕೆ ಬೆನ್ನು ಹಾಕಿ ಬೇಲಿ ನೋಡುತ್ತ ಕೂರುತ್ತಿದ್ದ. ಮೊದಲ ಸಲ ಅದನ್ನು ಕಂಡ ಗೋಡೆಗೆ ಮೈಯೆಲ್ಲ ಉರಿದುಹೋಗಿತ್ತು. ಸಂಬಳ ತಗೊಂಡು ಬೇಲಿ ಎಣಿಸುತ್ತಾನಲ್ಲ ಇವನು ಎಂದು ಹತ್ತಿರ ಹೋಗಿ ಜಾಡಿಸಬೇಕೆಂದಿದ್ದ. "ಕೂತ್ಕೊಳ್ಳಿ ಮಾವ, ಕಣ್ಣು ಮುಚ್ಚಿ ಕೇಳಿ," ಎಂದ ಅಳಿಯ. ಗೋಡೆ ಕೇಳಿದ. ಏನೂ ಕೇಳಲಿಲ್ಲ. ಬೂಟಿನ ದಬದಬ, ಏದುಸಿರು, ಅಷ್ಟೆ. "ಇದೇ ನಮ್ಮ ರೋಗ. ಒಬ್ಬರಿಗೊಬ್ಬರು ಮಾತೇ ಆಡಲ್ಲ. ಎಲ್ಲರೂ ನಾನು ಹೇಳ್ಲಿ ಅಂತ ಕಾಯ್ತಾರೆ." ಎರಡನೆಯ ವರ್ಷ ಮೈದಾನದಿಂದ ಬೈಗುಳ ಕೇಳತೊಡಗಿತು. ಅಳಿಯ ಅದನ್ನು ಕೇಳಿ ಸಂಗೀತ ಕೇಳಿದವನಂತೆ ತಲೆದೂಗುತ್ತಿದ್ದ. ಮೂರನೆಯ ವರ್ಷ ಬೈಗುಳ ಕಡಿಮೆಯಾಗಿ ಕರೆಗಳು ಬಂದವು. ಹಿಂದೆ ಇದ್ದಾನೆ, ಎಡಕ್ಕೆ ಬಿಡು, ನಾನಿದ್ದೀನಿ, ಹೋಗು ಹೋಗು. ಅಂಥ ಒಂದು ಸಂಜೆ ಗೋಡೆ ತಾನೂ ಬೇಲಿಯತ್ತ ಮುಖ ಮಾಡಿ ಕೂತು, ಚೆಂಡು ಎಲ್ಲಿದೆ, ಯಾರ ಕಾಲಿನಲ್ಲಿದೆ ಎಂದು ಕಣ್ಣು ಮುಚ್ಚಿಯೇ ಹೇಳಿಬಿಟ್ಟ. ಅಳಿಯ ಅವನ ತೊಡೆ ತಟ್ಟಿ ನಕ್ಕ. ಆ ನಗು ನೋಡಿದ ಮೇಲೆ ಗೋಡೆ ಅವನಿಗೆ ಸಂಪೂರ್ಣ ಸೋತುಹೋದ.

ಆದರೆ ಊರಿಗೆ ಇದೆಲ್ಲ ಯಾಕೆ ಬೇಕು? ಊರು ನೋಡುವುದು ಲೀಗಿನ ಪಟ್ಟಿ. ಮೊದಲ ವರ್ಷ ಬುಡದಲ್ಲಿ ಜೋತಾಡಿದರು. ಎರಡನೆಯ ವರ್ಷ ಬುಡದಿಂದ ಸ್ವಲ್ಪ ಮೇಲೆ. ಈ ವರ್ಷ ಎಲ್ಲಿದ್ದೇವೆಂದು ಹೇಳಿಕೊಳ್ಳಲೂ ಆಗದ, ಅಳಲೂ ಆಗದ ನಡುಮಧ್ಯೆ. ಐದು ವರ್ಷ ಕೇಳಬಾರದು ಎಂದವರೇ ಮೂರನೆಯ ವರ್ಷದ ಕೊನೆಗೆ ಕೇಳತೊಡಗಿದರು.

ಆ ಗುರುವಾರ ಅಧ್ಯಕ್ಷರೇ ಸೆಲೂನಿಗೆ ಬಂದರು. ಕುರ್ಚಿಗೆ ಒರಗಿ, ಕನ್ನಡಿಯಲ್ಲಿ ಗೋಡೆಯ ಕಣ್ಣು ಹಿಡಿದು, "ಭಾನುವಾರ ಬೆಳಗ್ಗೆ ಕೂರೋಣ ಅಂತಿದ್ದೀನಿ. ನಿನ್ನ ಅಳಿಯನ ವಿಷಯ," ಎಂದರು.

ಗೋಡೆ ಕತ್ತಿಯನ್ನು ಬಟ್ಟೆಗೆ ಒರೆಸಿದ.

"ನಾನು ಆವತ್ತು ಬರದೇ ಇದ್ರೆ ಒಳ್ಳೇದೇನೋ. ಮನೆಯವನ ವಿಷಯ..."

"ಬರಲೇಬೇಕು. ನಮ್ಮ ಸಮಿತಿಯ ಔಷಧಿ ಅಂಗಡಿಯವರು ಅವನನ್ನ ತೆಗೆದುಬಿಡೋಣ ಅಂತ ಹಟ ಹಿಡಿದಿದ್ದಾರೆ. ನನಗೆ ಎರಡು ಮನಸ್ಸು. ಆಟ ಗೊತ್ತಿರೋನು ಸಮಿತೀಲಿ ನೀನೊಬ್ಬನೇ. ಮೂರು ವರ್ಷದಲ್ಲಿ ಏನಾದ್ರೂ ಆಗಿದೆಯೋ ಇಲ್ವೋ, ನೀನೇ ಹೇಳು. ಆದ್ರೆ ಗೋಡೆ, ಅಳಿಯ ಬಂಗಾರ, ಅಳಿಯ ವಜ್ರ ಅಂತ ಶುರು ಮಾಡಿದ್ಯೋ, ಯಾರೂ ನಂಬಲ್ಲ. ಕಣ್ಣಿಗೆ ಕಾಣೋವಂಥದ್ದು ಏನಾದ್ರೂ ಹೇಳು."

ಅಧ್ಯಕ್ಷರು ಹೋದ ಮೇಲೆ ಗೋಡೆ ಬಾಗಿಲಿಗೆ 'ಮುಚ್ಚಿದೆ' ಎಂಬ ಹಲಗೆ ತಿರುಗಿಸಿ ಖಾಲಿ ಕುರ್ಚಿಯಲ್ಲಿ ತಾನೇ ಕೂತ. ಕನ್ನಡಿಯಲ್ಲಿ ಒಬ್ಬ ಮುದುಕ ಕಂಡ. ಇವನ ಮಾತು ಯಾರು ನಂಬಬೇಕು? ಮಾವ ಅಳಿಯನನ್ನು ಹೊಗಳಿದರೆ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ತೆಗಳಿದರೆ ಮಾತ್ರ ಊರೆಲ್ಲ ನಂಬುತ್ತದೆ.

ಮೇಲೆ ಮನೆಯ ಸ್ಥಿತಿ ಇನ್ನೊಂದು. ಅಳಿಯನ ತಾಯಿ ತೀರಿಕೊಂಡು ಎರಡು ವಾರವೂ ಆಗಿರಲಿಲ್ಲ. ಅಪ್ಪನನ್ನು ಕಾಣದೆ ಬೆಳೆದ ಮಗ. ತಾಯಿ ಅಂದರೆ ಪ್ರಾಣ. ಹೋಗಿ, ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿ ಬಂದವನ ಕಣ್ಣಿನಲ್ಲಿ ಒಂದು ಹನಿ ನೀರಿಲ್ಲ. ತಾಲೀಮಿಗೆ ಹೋಗುತ್ತಿದ್ದ, ಬರುತ್ತಿದ್ದ, ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಏಳುತ್ತಿದ್ದ. ಮನೆಯಲ್ಲಿ ಆಟದ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ.

ಗೋಡೆ ಅಡುಗೆಮನೆಯಲ್ಲಿ ಮಗಳಿಗೆ ಸಮಿತಿಯ ವಿಷಯ ಪಿಸುಗುಟ್ಟಿದ. ಅವಳು ತೊಳೆಯುತ್ತಿದ್ದ ಲೋಟ ಕೆಳಗಿಟ್ಟಳು.

"ತೆಗೆದುಬಿಡ್ತಾರಾ ಅಪ್ಪ?"

"ನಾನು ಸರಿಯಾಗಿ ಮಾತಾಡಿದ್ರೆ ತೆಗೆಯಲ್ಲ."

"ಈಗ ಇದೂ ಕೈಬಿಟ್ಟುಹೋದ್ರೆ ಇವರು ಎದ್ದು ನಿಲ್ಲಲ್ಲ. ಅವರ ಮುಖ ನೋಡಿದ್ದೀಯಾ? ಆ ಹುಡುಗರೇ ಅವರನ್ನ ಹಿಡಿದು ನಿಲ್ಲಿಸಿರೋದು." ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದು, "ಏನೇ ಹೇಳು, ಅತಿ ಮಾಡ್ಬೇಡ ಅಪ್ಪ. ನಿನಗೆ ಮಾತು ಅಭ್ಯಾಸ ಇಲ್ಲ. ಒಂದು ಸಲ ಬಾಯಿ ತೆಗೆದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ," ಎಂದಳು.

"ನಿಮ್ಮಮ್ಮನೂ ಇದನ್ನೇ ಹೇಳ್ತಿದ್ಲು," ಎಂದು ಗೋಡೆ ನಗಿಸಲು ನೋಡಿದ. ಮಗಳು ನಗಲಿಲ್ಲ.

ಎರಡು ದಿನ ಅವನಿಗೆ ಒಂದೇ ಯೋಚನೆ. ಬೇಲಿಯ ಕಡೆ ಕೂತು ಕೇಳಿದ ಕರೆಗಳ ಕಥೆ ಹೇಳಿದರೆ ಔಷಧಿ ಅಂಗಡಿಯವರು ಬಿದ್ದು ಬಿದ್ದು ನಗುತ್ತಾರೆ. ಯಾರ್‍ಯಾರು ಎಷ್ಟು ಸುಧಾರಿಸಿದ್ದಾರೆ ಎಂದರೆ, ಹಾಗಾದರೆ ಗೆಲ್ಲುವುದಕ್ಕೇನು ರೋಗ ಎನ್ನುತ್ತಾರೆ. ಶನಿವಾರ ಯಾರದೋ ಕೂದಲು ಕತ್ತರಿಸುತ್ತಿರುವಾಗ ಅವನಿಗೆ ಆ ಪಂದ್ಯದ ನೆನಪಾಯಿತು. ಕತ್ತರಿ ಗಾಳಿಯಲ್ಲೇ ನಿಂತಿತು.

ಅಳಿಯನ ತಾಯಿ ಹೋದ ದಿನದ ಪಂದ್ಯ ಅದು. ಬೇರೆ ಊರಿನಲ್ಲಿ, ಲೀಗಿನ ತುದಿಯಲ್ಲಿದ್ದ ತಂಡದ ಎದುರು. ಬಸ್ಸು ಹೊರಡುವ ಹೊತ್ತಿಗೆ ಸುದ್ದಿ ಬಂದು ಅಳಿಯ ತಾಯಿಯ ಊರಿಗೆ ಓಡಿದ. ಮಗಳೂ ಜೊತೆಗೆ ಹೋದಳು. ತಂಡದೊಂದಿಗೆ ಸಿಳ್ಳೆ ಹೋದ, ಸಮಿತಿಯ ಪರವಾಗಿ ಗೋಡೆ ಹೋದ. ಸಿಳ್ಳೆಗೆ ಜೀವ ಬಾಯಿಗೆ ಬಂದಿತ್ತು. ಬೆಂಚಿನ ತುದಿಯಲ್ಲಿ ಕೂತು ಉಗುರು ಕಚ್ಚಿದ್ದೇ ಅವನು ಮಾಡಿದ ಕೆಲಸ. ಬಾಯಿಂದ ಒಂದು ಶಬ್ದ ಹೊರಡಲಿಲ್ಲ, ಅಪ್ಪಣೆ ನೆನಪಾಗಿಯೋ ಹೆದರಿಯೋ ದೇವರಿಗೇ ಗೊತ್ತು. ಅಳಿಯ ಕೂರುವ ಜಾಗ ನಡುವೆ ಖಾಲಿ ಇತ್ತು. ಹುಡುಗರು ಆಡಿದರು ನೋಡಿ! ಎದುರಾಳಿ ನುಗ್ಗಿದಾಗ ಒಟ್ಟಾಗಿ ಹಿಂದೆ ಸರಿದರು, ಚೆಂಡು ಸಿಕ್ಕಾಗ ಒಟ್ಟಾಗಿ ಮುಂದೆ ಹೋದರು. ಎಡಗಡೆಯವನು ಪೆಟ್ಟು ತಿಂದು ಕುಂಟತೊಡಗಿದಾಗ ಯಾರೂ ಹೇಳದೆಯೇ ನಡುವಿನವನು ಅಲ್ಲಿಗೆ ಜರುಗಿದ, ಅವನ ಜಾಗಕ್ಕೆ ಹಿಂದಿನಿಂದ ಇನ್ನೊಬ್ಬ ಬಂದ. ಒಬ್ಬನೂ ಬೆಂಚಿನ ಕಡೆ ಕತ್ತು ತಿರುಗಿಸಲಿಲ್ಲ. ಗೋಡೆ ತನ್ನ ಜೀವಮಾನದಲ್ಲಿ ಅಂಥ ಆಟ ಆಡಿರಲಿಲ್ಲ. ಅಸೂಯೆಯಿಂದ ಅವನ ಮೊಣಕಾಲು ನೋಯತೊಡಗಿತ್ತು.

ಒಂದೇ ಒಂದು ಸಲ ಮಾತ್ರ ತಿರುಗಿದರು. ದ್ವಿತೀಯಾರ್ಧದಲ್ಲಿ ಅವರ ಮೇಲೆ ಗೋಲು ಬಿತ್ತು. ಅನ್ಯಾಯದ ಗೋಲು, ಕಾಲಿಗೆ ತಗುಲಿ ದಿಕ್ಕು ತಪ್ಪಿ ಒಳಗೆ ಹೋದದ್ದು. ಮೈದಾನವೆಲ್ಲ ಕೂಗುತ್ತಿರುವಾಗ ಹನ್ನೊಂದು ಜನವೂ, ಗೋಲ್‌ಕೀಪರನೂ ಸೇರಿ, ಬೆಂಚಿನ ಕಡೆ ನೋಡಿದರು. ಸಿಳ್ಳೆಯನ್ನಲ್ಲ. ನಡುವಿನ ಆ ಖಾಲಿ ಜಾಗವನ್ನು. ಜಾತ್ರೆಯಲ್ಲಿ ಅಮ್ಮನ ಕೈ ಬಿಟ್ಟುಹೋದ ಮಕ್ಕಳ ಮುಖ ಇರುತ್ತದಲ್ಲ, ಹಾಗಿದ್ದವು ಆ ಮುಖಗಳು. ಒಂದು ಗಳಿಗೆ ಅಷ್ಟೆ. ಆಮೇಲೆ ಕ್ಯಾಪ್ಟನ್ ಚಪ್ಪಾಳೆ ತಟ್ಟಿದ, ಎಲ್ಲರೂ ತಿರುಗಿ ಓಡಿದರು, ಹೆಣಗಾಡಿ ಗೋಲು ತೀರಿಸಿ ಸಮ ಮಾಡಿಕೊಂಡು ಬಂದರು. ಅಳಿಯನಿಗೆ ಇದು ಯಾವುದೂ ಗೊತ್ತಿಲ್ಲ. ಸತ್ತ ಮನೆಯಿಂದ ಬಂದವನಿಗೆ ಸಿಳ್ಳೆ, "ಒಂದೊಂದು ಗೋಲಿಗೆ ಸಮ ಆಯ್ತು ಸರ್, ಹೇಗೋ ಸಂಭಾಳಿಸಿದೆ," ಎಂದಷ್ಟೇ ಹೇಳಿದ್ದ. ಇವನು ಕೂಗಿ ಕೂಗಿ ಆಡಿಸಿರಬೇಕು ಎಂದುಕೊಂಡು ಅಳಿಯ ಮುಂದೆ ಕೇಳುವ ಗೊಡವೆಗೇ ಹೋಗಿರಲಿಲ್ಲ.

ಇದೇ ಸರಿ ಎಂದುಕೊಂಡ ಗೋಡೆ. ಕಣ್ಣಿಗೆ ಕಾಣುವಂಥದ್ದು.

ಭಾನುವಾರ ಬೆಳಗ್ಗೆ ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ ಮೂವರ ಸಮಿತಿ ಕೂತಿತು. ಒದ್ದೆ ಜೆರ್ಸಿಗಳ ಮುಗ್ಗಲು ವಾಸನೆ, ತಲೆಯ ಮೇಲೆ ಗ್ಯಾಲರಿ ಮೆಟ್ಟಿಲುಗಳ ಇಳಿಜಾರು, ಎತ್ತರದವರು ಎದ್ದರೆ ನೆತ್ತಿ ಒಡೆಯಬೇಕು. ಕೋಣೆಯ ಸುತ್ತ ಹಳೆಯ ಗೆಲುವಿನ ಫೋಟೋಗಳು. ಒಂದರಲ್ಲಿ ಗೋಡೆಯೂ ಇದ್ದ, ತಲೆತುಂಬ ಕೂದಲಿನೊಂದಿಗೆ. ಅಧ್ಯಕ್ಷರು ಕಿಟಕಿಯ ಪಕ್ಕ, ಎದುರಿಗೆ ಔಷಧಿ ಅಂಗಡಿಯವರು, ನಡುವೆ ಗೋಡೆ.

ಔಷಧಿ ಅಂಗಡಿಯವರು ಗಂಟಲು ಸರಿಮಾಡಿಕೊಳ್ಳುವ ಮೊದಲೇ ಶುರು ಹಚ್ಚಿಕೊಂಡರು. "ನೋಡಿ, ನನಗೆ ಯಾರ ಮೇಲೂ ದ್ವೇಷ ಇಲ್ಲ. ಜ್ವರ ಬಂದೋನಿಗೆ ಮೂರು ದಿನ ಮಾತ್ರೆ ಕೊಟ್ಟು ಇಳೀಲಿಲ್ಲ ಅಂದ್ರೆ ಮಾತ್ರೆ ಬದಲಾಯಿಸ್ತೀವಾ ಇಲ್ವಾ? ಇಲ್ಲಿ ಮೂರು ವರ್ಷ ಆಯ್ತು. ಆ ಮನುಷ್ಯ ಬಾಯೇ ಬಿಡಲ್ಲ. ಗೆದ್ರೂ ಹಾಗೇ ಕೂತಿರ್ತಾನೆ, ಸೋತ್ರೂ ಹಾಗೇ. ಜನ ನಗ್ತಾರೆ ಸ್ವಾಮಿ!"

"ಗೋಡೆ?" ಎಂದರು ಅಧ್ಯಕ್ಷರು.

ಗೋಡೆ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ. ಆ ಕುರ್ಚಿಯಿಂದ ಮಾತಾಡುವುದು ಅವನಿಗೆ ಹೊಸದು. ಮೊದಲ ನಾಲ್ಕು ಮಾತು ತೊದಲಿತು. ಆಮೇಲೆ ನಿಧಾನಕ್ಕೆ ದಾರಿ ಸಿಕ್ಕಿತು.

"ಬಾಯಿ ಬಿಡಲ್ಲ ಅಂದ್ರಲ್ಲ, ಅದೇ ವಿಷಯ ಹೇಳ್ತೀನಿ. ನಮ್ಮ ಕಾಲದಲ್ಲಿ ನಮ್ಮ ಮ್ಯಾನೇಜರ್ ಗೆರೆ ಪಕ್ಕದಲ್ಲಿ ಕೂಗ್ತಾ ಇರೋರು. ಗೋಡೆ ಹಿಂದೆ ಹೋಗು, ಗೋಡೆ ಮುಂದೆ ಬಾ. ಅವರಿಗೆ ಗಂಟಲು ಕಟ್ಟಿದ ದಿನ ನಾವು ಸೋತೋ ಅಂತಲೇ ಲೆಕ್ಕ. ನನ್ನ ಕಾಲು ನನ್ನದಾಗಿತ್ತು, ತಲೆ ಅವರದು. ಇವನು ಆ ಹುಡುಗರಿಗೆ ತಲೆ ಕೊಟ್ಟಿದ್ದಾನೆ. ಬರೀ ಮಾತಲ್ಲ, ನಾನೇ ಕಣ್ಣಾರೆ ನೋಡಿದ್ದು," ಎಂದವನು ಆ ಪಂದ್ಯ ವರ್ಣಿಸಿದ. ಮೇಜಿನ ಮೇಲಿದ್ದ ಲೋಟ, ಪೆನ್ನು, ಔಷಧಿ ಅಂಗಡಿಯವರ ಕನ್ನಡಕದ ಡಬ್ಬಿ ಎಲ್ಲವನ್ನೂ ಎಳೆದುಕೊಂಡು ಯಾರು ಎಲ್ಲಿಗೆ ಜರುಗಿದರೆಂದು ತೋರಿಸಿದ. ಅಧ್ಯಕ್ಷರು ಮುಂದೆ ಬಾಗಿ ನೋಡಿದರು. ಔಷಧಿ ಅಂಗಡಿಯವರು ಡಬ್ಬಿ ವಾಪಸು ಕೇಳುವುದನ್ನೇ ಮರೆತರು.

"ಅಂದ್ರೆ ಆವತ್ತು ಅವನು ಇರಲೇ ಇಲ್ಲ," ಎಂದರು ಅಧ್ಯಕ್ಷರು.

"ಇರಲಿಲ್ಲ!"

"ಸಿಳ್ಳೆ ಕೂಗಿ ಹೇಳಿದ್ನೇನೋ?"

"ಪಿಟಿಕ್ಕೆನ್ನಲಿಲ್ಲ ಅವನು. ಪಕ್ಕದಲ್ಲೇ ಕೂತಿದ್ದೆನಲ್ಲ ನಾನು."

"ಹುಡುಗರು ಬೆಂಚಿನ ಕಡೆ ನೋಡಲೇ ಇಲ್ವಾ?"

ಇಲ್ಲಿ ಗೋಡೆಗೆ ಆ ಒಂದು ಗಳಿಗೆ ಕಣ್ಣ ಮುಂದೆ ಬಂತು. ಗೋಲು ಬಿದ್ದಾಗ ತಿರುಗಿದ ಆ ಮುಖಗಳು. ಹೇಳಬೇಕೆಂದು ನಾಲಿಗೆಯ ತುದಿಗೂ ಬಂತು. ಆದರೆ ಔಷಧಿ ಅಂಗಡಿಯವರ ಕಣ್ಣು ಅವನ ಮೇಲೇ ಇತ್ತು. ಒಂದು ಸಲ ನೋಡಿದರು ಎಂದರೆ ಸಾಕು, ಆ ಒಂದನ್ನೇ ಹಿಡಿದು ಮೂರು ವರ್ಷವನ್ನೂ ಎಳೆದು ಬಿಸಾಡುತ್ತಾರೆ ಇವರು. ಮಗಳ ಮುಖ ನೆನಪಾಯಿತು. ಗೋಡೆ ಆ ಗಳಿಗೆಯನ್ನು ನುಂಗಿಕೊಂಡ.

"ಒಂದು ಸಲಾನೂ ನೋಡ್ಲಿಲ್ಲ. ಅವನಿದ್ದಾನೋ ಇಲ್ವೋ ಅನ್ನೋ ಯೋಚನೇನೇ ಇರಲಿಲ್ಲ ಅವರಿಗೆ. ಅದು ಸ್ವಾಮಿ ಪ್ರಗತಿ ಅಂದ್ರೆ! ಮೂರು ವರ್ಷದ ಹಿಂದೆ ಇದೇ ಕ್ಲಬ್ಬು ಬೂಟಿನ ದಾರ ಕಟ್ಟೋಕೂ ಮ್ಯಾನೇಜರ್ ಮುಖ ನೋಡ್ತಿತ್ತು. ಈಗ ಅವನು ಇಲ್ಲದೇ ಇದ್ರೂ ಲೀಗಿನ ತುದಿಯ ತಂಡವನ್ನ ತಡೆದು ನಿಲ್ಲಿಸುತ್ತೆ."

ಔಷಧಿ ಅಂಗಡಿಯವರು ಮೊದಲ ಸಲ ಕೆಳಗೆ ನೋಡಿದರು. "ನಾನು ಅಲ್ಲಿರಲಿಲ್ಲ. ಇದ್ದಿದ್ರೆ ಹೀಗೆ ಮಾತಾಡ್ತಿರಲಿಲ್ಲವೇನೋ," ಎಂದು ಒಪ್ಪಿಕೊಂಡರು. ಗೋಡೆಯ ಎದೆ ಉಬ್ಬಿತು. ಮಗಳು ಇಲ್ಲಿರಬೇಕಿತ್ತು, ಅಪ್ಪನಿಗೆ ಮಾತು ಬರುವುದಿಲ್ಲ ಎಂದವಳು!

ಅಧ್ಯಕ್ಷರು ಎದ್ದು, ಇಳಿಜಾರಿಗೆ ತಲೆ ತಾಗದಂತೆ ಬಗ್ಗಿ, ಗೋಡೆಯ ಭುಜದ ಮೇಲೆ ಕೈಯಿಟ್ಟರು. ಅವರ ಮುಖ ಸಂತೋಷದಿಂದ ತುಂಬಿತ್ತು. ನಿಜವಾದ ಸಂತೋಷ. ಅದೇ ಕಷ್ಟ.

"ಎರಡು ಮನಸ್ಸಲ್ಲಿದ್ದೆ ನಾನು. ಒಳ್ಳೇ ಕೆಲಸ ಮಾಡಿದೆ ಗೋಡೆ. ನನಗೆ ಒಂದೇ ಹೆದರಿಕೆ ಇತ್ತು. ಅರ್ಧಕ್ಕೆ ಇವನನ್ನ ಬಿಟ್ರೆ ಕಟ್ಟಿದ್ದೆಲ್ಲ ಕುಸಿದುಹೋದ್ರೆ ಅಂತ. ಕುಸಿಯಲ್ಲ ಅಂತ ನೀನೇ ತೋರಿಸಿಬಿಟ್ಟೆ."

"ಅಂದ್ರೆ?"

"ನಾನು ಎಷ್ಟು ಮನೆ ಕಟ್ಟಿಸಿದ್ದೀನಿ. ತಳಪಾಯದ ಮೇಸ್ತ್ರಿ ಬೇರೆ, ಮೇಲಿನ ಕೆಲಸದವನು ಬೇರೆ. ತಳಪಾಯ ಗಟ್ಟಿಯಾಯ್ತು ಅಂದ ಮೇಲೆ ಆ ಮೇಸ್ತ್ರಿನ ಕೂರಿಸಿಕೊಂಡಿರಲ್ಲ, ಕೈ ಮುಗಿದು ಕಳಿಸ್ತೀವಿ. ಜನಕ್ಕೂ ಒಂದು ಬದಲಾವಣೆ ಬೇಕು. ಔಷಧಿ ಅಂಗಡಿಯವರೂ ಅದನ್ನೇ ಕೇಳ್ತಿದ್ದಾರೆ. ಸಿಳ್ಳೆಗೆ ಕೊಡೋಣ. ಅವನಿಗೆ ಎಲ್ಲಾ ಗೊತ್ತು. ಗೊತ್ತಿಲ್ಲದಿದ್ರೂ ಏನು, ಸುಮ್ನೆ ಕೂತಿದ್ರೆ ಆಯ್ತು ಅಂತ ನೀನೇ ಹೇಳ್ತಿದ್ದೀಯಲ್ಲ."

"ನಾನು ಹಾಗೆ ಹೇಳ್ಲಿಲ್ಲ! ಇನ್ನೂ ಎರಡು ವರ್ಷ ಇದೆ, ಐದು ವರ್ಷ ಅಂತ ನೀವೇ..."

"ಐದು ವರ್ಷದ ಕೆಲಸ ಮೂರು ವರ್ಷಕ್ಕೆ ಮುಗಿಸಿದ್ದಾನೆ ನಿನ್ನ ಅಳಿಯ. ಅದನ್ನ ಸಭೇಲೇ ಹೇಳ್ತೀನಿ ನಾನು, ಹಾರ ಹಾಕಿ ಹೇಳ್ತೀನಿ. ಅವನು ತಲೆ ಎತ್ತಿಕೊಂಡು ಹೋಗಲಿ."

ಗೋಡೆ ಎದ್ದ. ಎದ್ದ ರಭಸಕ್ಕೆ ತಲೆ ಮೇಲಿನ ಇಳಿಜಾರಿಗೆ ಬಡಿಯಿತು. "ನೋಡಿದ್ರು," ಎಂದ. "ಒಂದು ಸಲ ನೋಡಿದ್ರು ಸ್ವಾಮಿ. ಗೋಲು ಬಿದ್ದಾಗ. ಎಲ್ಲರೂ ತಿರುಗಿ ಅವನ ಜಾಗ ನೋಡಿದ್ರು. ಅವನು ಬೇಕು ಅವರಿಗೆ."

ಔಷಧಿ ಅಂಗಡಿಯವರು ತಮ್ಮ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಮೆಲ್ಲಗೆ ನಕ್ಕರು. ಅಧ್ಯಕ್ಷರು ಅಯ್ಯೋ ಪಾಪ ಎನ್ನುವಂತೆ ನೋಡಿದರು. "ಕೂತ್ಕೋ ಗೋಡೆ. ಮಾವ ಅಲ್ವಾ ನೀನು. ನನಗೆ ಅರ್ಥ ಆಗುತ್ತೆ."

ತಲೆಯ ಮೇಲೆ ಬುಗುಟು ಏಳುತ್ತಿತ್ತು. ಗೋಡೆ ಅದನ್ನು ಒತ್ತಿಕೊಂಡು ಹೊರಗೆ ಬಂದ. ನಿಜ ಹೇಳಿದಾಗ ಯಾರೂ ನಂಬಲಿಲ್ಲ. ಸುಳ್ಳನ್ನು ಮಾತ್ರ ಎರಡೂ ಕೈಯಲ್ಲಿ ತೆಗೆದುಕೊಂಡರು. ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸಿತು. ಮನೆಯ ದಾರಿ ಬಿಟ್ಟು ಮಾರುಕಟ್ಟೆಯ ಕಡೆ ಸುತ್ತಿದ, ಮುಚ್ಚಿದ ಅಂಗಡಿಗಳ ಮುಂದೆ ನಿಂತ, ಎಷ್ಟು ಸುತ್ತಿದರೂ ಕೊನೆಗೆ ತನ್ನ ಸೆಲೂನಿನ ಮೆಟ್ಟಿಲೇ ಎದುರಾಯಿತು.

ಅಳಿಯ ಊಟದ ಮೇಜಿನ ಮುಂದೆ ಕೂತಿದ್ದ. ಮಗಳು ಅಪ್ಪನ ಮುಖ ನೋಡಿದವಳೇ ಒಲೆ ಆರಿಸಿದಳು. ಅವಳಿಗೆ ಆಗಲೇ ತಿಳಿದುಹೋಯಿತು.

"ಏನಂದ್ರು ಮಾವ?" ಎಂದ ಅಳಿಯ. ಅಂದರೆ ಅವನಿಗೆ ಸಭೆಯ ವಿಷಯ ಗೊತ್ತಿತ್ತು. ಇಷ್ಟು ದಿನ ಗೊತ್ತಿಲ್ಲದವನಂತೆ ಇದ್ದ.

ಗೋಡೆ ಹೇಡಿಯಾದ. ಮೊದಲು ಹೇಳಬೇಕಾದ್ದನ್ನು ಬಿಟ್ಟು, ಸಿಹಿಯನ್ನು ಮೊದಲು ಬಡಿಸಿದ. "ಆವತ್ತಿನ ಮ್ಯಾಚಿನ ವಿಷಯ ಹೇಳಿದೆ. ನೀನು ಇಲ್ಲದ ದಿನದ್ದು. ಸಿಳ್ಳೆ ಒಂದು ಮಾತೂ ಆಡಿರಲಿಲ್ಲ ಕಣಪ್ಪ. ಹುಡುಗರೇ ಆಡಿದ್ದು. ಬೆಂಚಿನ ಕಡೆ ತಿರುಗೇ ನೋಡ್ಲಿಲ್ಲ."

ಅಳಿಯನ ಕೈ ಮೇಜಿನ ಮೇಲೇ ನಿಂತುಬಿಟ್ಟಿತು. "ಸಿಳ್ಳೆ ಕೂಗಲಿಲ್ವಾ?"

"ಇಲ್ಲ."

"ಎಡಗಡೆಯವನು ಇನ್ನೂ ಕುಂಟ್ತಿದ್ದಾನಲ್ಲ, ಆವತ್ತು ಪೆಟ್ಟಾದಾಗ ಅವನ ಜಾಗಕ್ಕೆ ಹೋಗು ಅಂತ ಯಾರು ಹೇಳಿದ್ದು ಮತ್ತೆ?"

"ಯಾರೂ ಹೇಳ್ಲಿಲ್ಲ. ನಡುವಿನವನು ತಾನೇ ಹೋದ. ಹಿಂದಿನಿಂದ ಇನ್ನೊಬ್ಬ ಕೂಗಿ ಅವನ ಜಾಗ ತುಂಬಿದ."

"ಕೂಗಿದ್ನಾ!" ಎಂದು ಅಳಿಯ ಎದ್ದು ನಿಂತ. ಎಷ್ಟೋ ದಿನದಿಂದ ಸತ್ತುಹೋಗಿದ್ದ ಮುಖಕ್ಕೆ ರಕ್ತ ಬಂತು. ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ? ಅವನು ಬಾಯೇ ಬಿಡ್ತಿರಲಿಲ್ಲ ಕಣೇ ಮೊದಲು. ಮಾವ, ಹಾಗಿದ್ರೆ ಮುಂದಿನ ವರ್ಷ ಇನ್ನೂ ಮುಂದೆ ನಿಂತು ಆಡಿಸಬಹುದು. ಹಿಂದಿನ ನಾಲ್ಕು ಜನಾನ..." ಎನ್ನುತ್ತ ಲೋಟಗಳನ್ನು ಸಾಲಾಗಿ ಇಡತೊಡಗಿದ.

"ಅಪ್ಪ," ಎಂದಳು ಮಗಳು. "ಉಳಿದದ್ದೂ ಹೇಳು."

ಗೋಡೆ ಹೇಳಿದ. ಅಧ್ಯಕ್ಷರ ತಳಪಾಯ, ಸಿಳ್ಳೆ, ಹಾರ, ಎಲ್ಲ. ಅಳಿಯ ಲೋಟದ ಮೇಲಿಂದ ಕೈ ತೆಗೆಯಲಿಲ್ಲ. ಹೇಳಿ ಮುಗಿದ ಮೇಲೂ ಹಾಗೇ ಇದ್ದ. ಮಗಳು ಬಂದು ಅವನ ಬೆನ್ನಿನ ಮೇಲೆ ಕೈಯಿಟ್ಟಳು, ಅದೂ ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

ಕೊನೆಗೆ ಅಳಿಯ, "ಮಾವ, ಒಂದು ನಿಜ ಹೇಳಿ. ಗೋಲು ಬಿದ್ದಾಗ? ಆಗ್ಲಾದ್ರೂ ನೋಡಿದ್ರಾ?" ಎಂದ.

ಗೋಡೆ ಸಾಲಾಗಿಟ್ಟ ಲೋಟಗಳನ್ನು ನೋಡಿದ. ನೋಡಿದರು ಎಂದರೆ, ಅದನ್ನು ಸಮಿತಿಯ ಮುಂದೆ ಮೊದಲೇ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕು. ಕೆಲಸ ಹೇಗೂ ಹೋಯಿತು. ಮೂರು ವರ್ಷ ಪಟ್ಟ ಕಷ್ಟ ಒಂದು ಕಲೆಯೂ ಇಲ್ಲದೆ ಫಲಿಸಿತು ಎಂಬ ಹೆಮ್ಮೆಯಾದರೂ ಇವನಿಗೆ ಉಳಿಯಲಿ ಎಂದುಕೊಂಡ. ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಬೆಳಗ್ಗೆ ನಂಬಿದಷ್ಟೇ ಈಗಲೂ ನಂಬಿದ.

"ಇಲ್ಲ ಕಣಪ್ಪ. ಆಗಲೂ ನೋಡ್ಲಿಲ್ಲ."

ಅಳಿಯ ತಲೆಯಾಡಿಸಿದ. "ಒಳ್ಳೇದು. ಹಾಗೇ ಇರ್ಬೇಕು ಅಂತಾನೇ ಕಲಿಸಿದ್ದು," ಎಂದ. ಒಳಗೆ ಹೋಗಲು ಎರಡು ಹೆಜ್ಜೆ ಇಟ್ಟವನು ಬಾಗಿಲಲ್ಲಿ ನಿಂತು, ಇವರ ಕಡೆ ತಿರುಗದೆಯೇ, "ನಮ್ಮಮ್ಮ ಹೋದ ದಿನ ಅದು. ಯಾರಾದ್ರೂ ಒಬ್ಬ ನನ್ನ ಹುಡುಕಿರ್ತಾನೆ ಅಂದ್ಕೊಂಡಿದ್ದೆ," ಎಂದ.

ಕೋಣೆಯ ಬಾಗಿಲು ಮುಚ್ಚಿತು. ಮಗಳು ಹಿಂದೆಯೇ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ತಾಯಿಯನ್ನು ಕಳುಹಿಸಿ ಬಂದಾಗಲೂ ಅಳದವನು ಈಗ ಎಳೆಯ ಮಗುವಿನಂತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಗೋಡೆ ಎದ್ದು ಆ ಬಾಗಿಲವರೆಗೂ ಹೋದ. ನೋಡಿದ್ರು ಕಣೋ, ಹನ್ನೊಂದು ಜನಾನೂ ನಿನ್ನನ್ನೇ ಹುಡುಕಿದ್ರು ಎಂದು ಹೇಳಲು ಬಾಯಿ ತೆರೆದ. ಸಮಿತಿಯವರೇ ನಂಬದ ಮಾತನ್ನು, ಈಗಷ್ಟೇ ಇಲ್ಲ ಎಂದವನ ಬಾಯಿಂದ, ಒಳಗಿರುವವನು ನಂಬುವುದು ಹೇಗೆ? ಸಮಾಧಾನಕ್ಕೆ ಕಟ್ಟಿ ಹೇಳುತ್ತಿದ್ದಾನೆ ಎಂದುಕೊಳ್ಳುತ್ತಾನೆ. ಎತ್ತಿದ ಕೈಯನ್ನು ಬಾಗಿಲಿಗೆ ತಟ್ಟದೆಯೇ ಕೆಳಗಿಳಿಸಿ, ಗೋಡೆ ಅಲ್ಲೇ ನಿಂತು ಆ ಅಳುವನ್ನು ಕೇಳಿದ.